ಚೊಚ್ಚಲ ಹೆರಿಗೆಯ ಊರು

ಕೊಡೇಕಲ್
ಮೇ 2, 2025

ನಾಗರತ್ನಾ ವಕೀಲರಿಗೆ,

…ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಎಂದು ನೀವು ಕಚೇರಿಯ ಮೆಟ್ಟಿಲ ಮೇಲೆ ನಿಂತು ಏನೋ ಹೇಳಿದಿರಿ. ಕೆಳಗೆ ಟಂಟಂ ಆಟೋದವನು ಹಾರ್ನ್ ಒತ್ತುತ್ತಿದ್ದ. ಬಸ್ಸಿನಲ್ಲಿ ಕೂತು ನೆನಪಿಸಿಕೊಂಡರೆ ಅರ್ಧ ಮಾತ್ರ ಉಳಿದಿತ್ತು: "ವಕೀಲರ ಹತ್ರ ಬರೋದು ಎರಡನೇ ಕೆಲಸ್ರಿ ಮಕ್ತುಮಸಾಬರ, ಮೊದಲನೇದು..." ಅಷ್ಟೇ. ಶಹಾಪುರ ದಾಟುವವರೆಗೂ ಉಳಿದರ್ಧವನ್ನು ಹುಡುಕಿದೆ. ಸಿಗಲಿಲ್ಲ. ದಯವಿಟ್ಟು ಬರೆದು ತಿಳಿಸಿ.

ಫೋನು ಬೇಡ. ಸುರಪುರದ ನಮ್ಮ ಮನೆ ಎರಡು ಖೋಲಿಯದು. ಒಂದರಲ್ಲಿ ಮಾತಾಡಿದರೆ ಇನ್ನೊಂದರಿಂದ ಉತ್ತರ ಬರುತ್ತದೆ. ಕಾಗದ ಕೊಡೇಕಲ್ ಅಂಚೆ ಕಚೇರಿಗೆ ಬರಲಿ. ಇಲ್ಲಿ ಪೋಸ್ಟ್‌ಮಾಸ್ಟರ್ ನಾನೇ ಆದ್ದರಿಂದ ಬೇರೆಯವರ ಕೈಗೆ ಹೋಗುವುದಿಲ್ಲ.

ನಡೆದದ್ದನ್ನು ಬರೆದು ಕೊಡಿ ಎಂದಿದ್ದಿರಿ. ನನ್ನ ಹೆಂಡತಿ ಖುರ್ಷೀದಬೇಗಂ ನನ್ನ ಖಾಲಾನ, ಅಂದರೆ ತಾಯಿಯ ತಂಗಿಯ ಮಗಳು. ಖಾಲಾ ಮದುವೆಯಾಗಿ ಕರಾಚಿಗೆ ಹೋದವರು. ಅವರ ಮಗಳು ಮದುವೆಯಾಗಿ ಸುರಪುರಕ್ಕೆ ಬಂದಳು. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಲು ಕಂಡುಕೊಂಡ ದಾರಿ ಅದೊಂದೇ ಇರಬೇಕು. 2000ನೇ ಇಸವಿಯಲ್ಲಿ ಖುರ್ಷೀದ ಚೊಚ್ಚಲ ಬಸುರಿ. ನನ್ನ ತಾಯಿ ಖಾಜಾಬೀ ಹಟ ಹಿಡಿದಳು. "ಚೊಚ್ಚಲ ಹೆರಿಗಿ ತವರಿಗೆ ಸೇರಿದ್ದು. ಗಡಿ ಗಿಡಿ ನನಗ ಗೊತ್ತಿಲ್ಲ. ಕಳಸು." ಕಳಿಸಿದೆವು. ಹೀಗೆ ನನ್ನ ಮಗಳು ಮಸರತ ಕರಾಚಿಯಲ್ಲಿ ಹುಟ್ಟಿದಳು. ಮೊಲೆ ಕುಡಿಯುವ ಕೂಸಾಗಿ, ತಾಯಿಯ ಪಾಸ್‌ಪೋರ್ಟಿನಲ್ಲಿ ಒಂದು ಸಾಲಾಗಿ ಸುರಪುರಕ್ಕೆ ಬಂದಳು. ಆಮೇಲೆ ಅವಳು ಯಾವ ಗಡಿಯನ್ನೂ ದಾಟಿಲ್ಲ. ಮುಂದೆ ಆಸೀಫ್ ಸುರಪುರದಲ್ಲೇ ಹುಟ್ಟಿದ. ಅವನಿಗೆ ಇದಾವುದೂ ಇಲ್ಲ. ಖುರ್ಷೀದಳಿಗೂ 2012ರಲ್ಲಿ ಇಲ್ಲಿಯ ಪೌರತ್ವ ಸಿಕ್ಕಿತು. ಮಗಳಿಗೆ ಬೇರೆ ಅರ್ಜಿ ಹಾಕಿ ಎಂದರು. ನಾನು ಹಾಕಲಿಲ್ಲ. ಅಪ್ಪ ಇಲ್ಲಿಯವನು, ಮಗಳು ಅಪ್ಪನವಳು, ಇದರಲ್ಲಿ ಕೇಳುವುದೇನಿದೆ ಅಂದೆ. ಹೀಗಾಗಿ ಒಂದೇ ಪರಾತದಲ್ಲಿ ಉಂಡ ನಾಲ್ವರಲ್ಲಿ ಅವಳೊಬ್ಬಳೇ ವಿದೇಶಿಯಳು. ದೀರ್ಘಾವಧಿ ವೀಸಾದ ಮೇಲೆ ತನ್ನ ಮನೆಯಲ್ಲಿ ಬೆಳೆದಳು.

ಏಪ್ರಿಲ್‌ನಲ್ಲಿ ಕಾಶ್ಮೀರದ ಆ ದಾಳಿಯ ಸುದ್ದಿ ಬಂದ ಮೇಲೆ ಆಚೆ ದೇಶದವರ ವೀಸಾಗಳು ರದ್ದಾದವು, ಕೆಲವು ಉಳಿದವು ಅನ್ನುತ್ತಾರೆ. ಮಸರತಳದು ಅವಧಿ ಮುಗಿದು, ಮುಂದುವರಿಸುವ ಅರ್ಜಿ ಬಾಕಿ ಇತ್ತು. ದೇಶ ಬಿಟ್ಟು ಯಾಕೆ ಹೋಗಬಾರದು ಎಂದು ವಿವರಣೆ ಕೇಳಿ ನೋಟಿಸು ಬಂದಿದೆ. ಅವಳೀಗ ಗಂಡನ ಮನೆಯಲ್ಲಿ, ಶಹಾಪುರದಲ್ಲಿದ್ದಾಳೆ. ಆ ವಿಳಾಸವನ್ನು ಮದುವೆಯಾದಾಗಲೇ ಕೊಟ್ಟಿದ್ದೇವೆ. ನೋಟಿಸು ಮಾತ್ರ ಹಳೆಯ ವಿಳಾಸಕ್ಕೆ ಬಂತು. ನಮ್ಮ ಓಣಿಯ ಟಪಾಲಿನವನು "ಇದು ಸಾಹೇಬ್ರ ಮಗಳದೇ ಅಲ್ಲೇನ್ರಿ" ಎಂದು ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈಗೇ ಕೊಟ್ಟ. ಹೆಸರಿದ್ದವರ ಕೈಗೇ ಕೊಡಬೇಕೆಂದು ಊರಿಗೆಲ್ಲ ಹೇಳುವವನು ನಾನು. ಸಹಿ ಹಾಕಿ ಇಸಿದುಕೊಂಡೆ. ಅವಳಿಗೆ ತೋರಿಸಿಲ್ಲ.

ಮಸರತಳಿಗೆ ಈಗ ಐದು ತಿಂಗಳು. ಅವಳಿಗೂ ಇದು ಚೊಚ್ಚಲು. ಕಳಿಸಿಬಿಟ್ಟರೆ ಆ ಕೂಸೂ ಅಲ್ಲೇ ಹುಟ್ಟುತ್ತದೆ. ನಾನು ಕೇಳುವುದು ಅದಾಗಬಾರದು ಎಂಬುದಷ್ಟೇ.

ಮಕ್ತುಮಸಾಬ


ಯಾದಗಿರಿ
ಮೇ 7, 2025

ಮಕ್ತುಮಸಾಬರಿಗೆ,

ನೀವು ಮರೆತ ಅರ್ಧ ಇದು: "ಮೊದಲನೇದು, ಮನಿಯವರ ಮುಂದ ಕುಂತು ಹೇಳ್ರಿ." ನನ್ನ ಕಚೇರಿಗೆ ಬರುವ ಗಂಡಸರಲ್ಲಿ ಹೆಚ್ಚಿನವರು ಮರೆಯುವುದು ಇದನ್ನೇ. ಟಂಟಂನವನ ತಪ್ಪಿಲ್ಲ.

ಹೇಳಿ ಅನ್ನುವುದು ಮನಸ್ಸು ಹಗುರವಾಗಲಿ ಎಂದಲ್ಲ. ನೀವು ಕೊಡೇಕಲ್‌ನಲ್ಲಿ ಮುದ್ರೆ ಒತ್ತುತ್ತಿರುವ ಹೊತ್ತಿನಲ್ಲಿ ಶಹಾಪುರದ ಬಾಗಿಲಿಗೆ ಯಾರಾದರೂ ಬಂದು ಮಸರತಳನ್ನು ಕೇಳಬಹುದು. ಆಗ ಅವಳಿಗೆ ಇದು ಹೊಸ ಸುದ್ದಿಯಾಗಬಾರದು. ಬಂದವರೊಡನೆ ಸಮಾಧಾನದಿಂದ ಮಾತಾಡಬೇಕು, ಸುಳ್ಳು ಹೇಳಬಾರದು, ಓದದೆ ಯಾವುದಕ್ಕೂ ಸಹಿ ಹಾಕಬಾರದು. ನನ್ನ ನಂಬರು ಅವಳಿಗೆ ಬಾಯಿಪಾಠ ಇರಬೇಕು. ಫೋನು ಆಗ ಕೈಯಲ್ಲಿರುತ್ತದೆಂದು ನಂಬಲಾಗದು. ದವಾಖಾನೆಯ ಫೈಲು ಕೈಗೆ ಸಿಗುವ ಕಡೆ ಇರಲಿ. ಅವಳ ಗಂಡ ಅಜರುದ್ದೀನ ಮೊದಲು ಯಾರಿಗೆ ತಿಳಿಸಬೇಕು, ಖುರ್ಷೀದಬೇಗಂ ಯಾರ ಜೊತೆ ಶಹಾಪುರಕ್ಕೆ ಹೋಗಬೇಕು ಎಂಬುದನ್ನು ಆ ಗಾಬರಿಯಲ್ಲಿ ಯೋಚಿಸಲು ಆಗುವುದಿಲ್ಲ. ಈಗಲೇ ಎಲ್ಲರೂ ಕೂತು ಗೊತ್ತುಮಾಡಿಕೊಳ್ಳಿ. ಹಾಗಾಗುತ್ತದೆ ಎಂದು ಹೇಳುತ್ತಿಲ್ಲ.

ವಕಾಲತ್ತು ನಾಮೆ ಜೊತೆಗಿದೆ. ಮಸರತಳ ಸಹಿ ಬೇಕು, ನಿಮ್ಮದಲ್ಲ. ನೋಟಿಸಿಗೆ ಉತ್ತರ ಕೊಡಲು ಸಮಯ ಕೇಳುತ್ತೇನೆ.

ಇನ್ನೊಂದು. ನೀವು ಹುಟ್ಟಿದ್ದಕ್ಕೆ ದಾಖಲೆ ಬೇಕು. ಸುರಪುರದ ಶಾಲೆಯಲ್ಲಿ ನಿಮ್ಮ ಹೆಸರು ಹಚ್ಚಿದ ದಾಖಲಾತಿಯ ನಕಲು, ನಿಮ್ಮ ತಂದೆಯ ಹೆಸರಿನಲ್ಲಿರುವ ಹಳೆಯ ಮನೆ ಕಾಗದ, ನಿಮ್ಮ ನಿಕಾಹನಾಮೆ. ಬೇಗ ಕಳಿಸಿ.

ನಾಗರತ್ನಾ


ಕೊಡೇಕಲ್
ಮೇ 17, 2025

ನಾಗರತ್ನಾ ವಕೀಲರಿಗೆ,

ಮಸರತಳ ಸಹಿ ಮಾಡಿಸಿ ವಕಾಲತ್ತು ಕಳಿಸಿದ್ದೇನೆ. ಮನೆಯಲ್ಲಿ ಹೇಳಿದ್ದೇನೆ.

ಮನೆಯಲ್ಲಿ ಈಗ ಬೇರೆಯೇ ಗಡಿಬಿಡಿ. ಏಳನೇ ತಿಂಗಳಿಗೆ ಮಗಳನ್ನು ಕರೆತರಬೇಕೆಂದು ಖುರ್ಷೀದ ಒಳಗಿನ ಖೋಲಿಗೆ ಸುಣ್ಣ ಬಳಿಸಿದ್ದಾಳೆ. ನಮ್ಮ ಪಕ್ಕದ ಮನೆಯ ಪಾರ್ವತಿಬಾಯಿ, ಬಳೆ ಅಂಗಡಿಯವರು, ಸೀಮಂತಕ್ಕೆಂದು ಹಸಿರು ಬಳೆ ಬೇರೆ ಎತ್ತಿಟ್ಟಿದ್ದಾರಂತೆ. "ನಿಮ್ಮಲ್ಲಿ ಕುಬಸ ಮಾಡ್ತೀರೋ ಇಲ್ಲೋ, ನನ್ನ ಹಸಿರು ಬಳಿ ಅಂತೂ ಆಕಿ ಕೈಗೆ ಏರಬೇಕು" ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಈಗ ನನಗೆ ಚೆನ್ನಾಗಿ ಬರುತ್ತದೆ.

ನನ್ನ ಕಾಗದಗಳು ಯಾಕೆಂದು ತಿಳಿಯಲಿಲ್ಲ. ಇಲಾಖೆಗೆ ಸೇರುವಾಗ ಎಲ್ಲವನ್ನೂ ಕೊಟ್ಟಿದ್ದೇನೆ, ಅವರು ನೋಡಿ ಒಪ್ಪಿದ್ದಾರೆ. ನೋಟಿಸಿನಲ್ಲಿ ನನ್ನ ಹೆಸರಿಲ್ಲ. ಆದರೂ ಹುಡುಕುತ್ತೇನೆ.

ಮಕ್ತುಮಸಾಬ


ಯಾದಗಿರಿ
ಮೇ 26, 2025

ಮಕ್ತುಮಸಾಬರಿಗೆ,

ವಕಾಲತ್ತು ತಲುಪಿತು. ಮಸರತಳ ಸಹಿ ನೋಡಿದೆ. ನಿಧಾನವಾಗಿ, ಒತ್ತಿ ಮಾಡಿದ ಸಹಿ. ಉತ್ತರಕ್ಕೆ ಜೂನ್ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಅವಳನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ. ಈ ವಾಕ್ಯವನ್ನು ಇನ್ನೊಮ್ಮೆ ಓದಿ.

ಮನೆಯಲ್ಲಿ ಹೇಳಿದ್ದೇನೆ ಎಂದು ಬರೆದಿದ್ದೀರಿ. ಯಾರು ಅತ್ತರು, ಯಾರು ಬೈದರು ಎಂಬುದಿಲ್ಲ. ಸುಣ್ಣ ಮತ್ತು ಬಳೆ ಇವೆ. ನಾನು ಹೆಚ್ಚು ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಗೊತ್ತು ಎಂಬುದು ನಿಮಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ ಎಂದಷ್ಟೇ ಹೇಳಬಲ್ಲೆ.

ನನ್ನ ಅಪ್ಪ ನಾಗಣ್ಣ ಹುಟ್ಟಿದ್ದು ನಿಜಾಮನ ಪ್ರಜೆಯಾಗಿ. ಮೀಸೆ ಬರುವುದರೊಳಗೆ ಹಿಂದುಸ್ತಾನದವನಾದ, ಆಮೇಲೆ ಮೈಸೂರು ರಾಜ್ಯದವನು, ಆಮೇಲೆ ಕರ್ನಾಟಕದವನು. ಮುಪ್ಪಿನಲ್ಲಿ ಜಿಲ್ಲೆಯೂ ಬದಲಾಯಿತು. ಇಷ್ಟೆಲ್ಲ ಆದರೂ ಅವನ ಮಂಚ ಅದೇ ಗೋಡೆಗಿದೆ. "ಇವತ್ತೇನ್ ಕೆಲಸವ್ವಾ?" ಎಂದು ದಿನಾ ಕೇಳುತ್ತಾನೆ. ಒಬ್ಬ ಹುಡುಗಿ ಯಾವ ದೇಶದವಳು ಅಂತ ನೋಡಬೇಕಪ್ಪಾ ಅಂದೆ. "ಎಲ್ಲಿ ಅದಾಳ?" ಅಂದ. ಶಹಾಪುರದಾಗ ಅಂದೆ. "ಮತ್ತ?" ಎಂದು ಗೋಡೆಯ ಕಡೆ ಹೊರಳಿದ.

ಇದನ್ನು ವಾದವಾಗಿ ಬರೆಯಲು ಬರುವುದಿಲ್ಲ. ನನಗೆ ನಿಮ್ಮ ಶಾಲೆಯ ದಾಖಲೆಯೇ ಬೇಕು. ಇನ್ನೊಮ್ಮೆ ಕೇಳಿಸಬೇಡಿ.

ನಾಗರತ್ನಾ


ಕೊಡೇಕಲ್
ಜೂನ್ 5, 2025

ನಾಗರತ್ನಾ ವಕೀಲರಿಗೆ,

ಬಕ್ರೀದಿಗೆ ಮೊದಲೇ ಮಗಳನ್ನು ಕರೆತರೋಣವೆಂದು ಭಾನುವಾರ ಖುರ್ಷೀದ, ನಾನು ಶಹಾಪುರಕ್ಕೆ ಹೋಗಿದ್ದೆವು. ಅಲ್ಲಿ ನಡೆದದ್ದು ನಿಮ್ಮ ಪ್ರಕರಣಕ್ಕೆ ಸಂಬಂಧಿಸಿದ್ದೋ ಅಲ್ಲವೋ ಗೊತ್ತಿಲ್ಲ. ಬರೆಯದಿದ್ದರೆ ಇನ್ಯಾರಿಗೆ ಹೇಳಲಿ.

ಅಜರುದ್ದೀನ ಪಂಪ್‌ಸೆಟ್ಟಿನ ಮೋಟಾರು ಸುತ್ತುವ ಅಂಗಡಿ ಇಟ್ಟಿದ್ದಾನೆ. ಮನೆ ಅದರ ಹಿಂದೆಯೇ. ಅವನ ತಾಯಿ ಸಾಬೇರಾ ಚಹಾ ತಂದಿಟ್ಟರು, ಕೂರಲಿಲ್ಲ. ಖುರ್ಷೀದ ಕರೆಯುವ ಮಾತು ತೆಗೆದಳು. ಮಸರತ ಸೆರಗಿನ ಅಂಚು ಮಡಚುತ್ತ, ತಾಯಿಯನ್ನು ಬಿಟ್ಟು ನನ್ನನ್ನೇ ನೋಡಿ ಹೇಳಿದಳು: "ನಾ ಬರಂಗಿಲ್ಲ ಅಬ್ಬಾ. ಇಲ್ಲೇ ಇರ್ತೀನಿ."

ಖುರ್ಷೀದ ಮೊದಲು ನಕ್ಕಳು. ಹುಡುಗಿಯರು ಹಾಗೆ ಅನ್ನುವುದುಂಟು. ಮತ್ತೆ ಕೇಳಿದಳು, ಮತ್ತೆ ಅದೇ ಮಾತು. ಚೊಚ್ಚಲ ಹೆರಿಗೆಗೆ ತವರಿಗೆ ಬಾರದವಳೆಂದರೆ ತವರು ಸತ್ತವಳು ಅನ್ನುತ್ತಾರಲ್ಲ ಎಂದು ಖುರ್ಷೀದ ಎದ್ದು ನಿಂತಳು. ಆಗ ಮಂಚದ ಕೆಳಗೆ ಒಂದು ಚೀಲ ನನ್ನ ಕಣ್ಣಿಗೆ ಬಿತ್ತು. ಹೊಟ್ಟೆ ಉಬ್ಬುವ ಹಾಗೆ ತುಂಬಿ, ಜಿಪ್ ಎಳೆದು ಇಟ್ಟದ್ದು. ನಾನು ನೋಡಿದ್ದನ್ನು ಸಾಬೇರಾ ನೋಡಿದರು. ಕಾಲಿನಿಂದ ಅದನ್ನು ಒಳಗೆ ತಳ್ಳಿದರು.

ಬಸ್ಸಿನಲ್ಲಿ ನಾನು ಲೆಕ್ಕ ಹಾಕಿದೆ. ಅವರಿಗೆ ವಿಷಯ ಎಲ್ಲಿಂದಲೋ ತಿಳಿದಿದೆ. ಪೊಲೀಸರು ಮನೆಗೆ ಬರುವುದಕ್ಕಿಂತ ಮೊದಲೇ ಸೊಸೆಯನ್ನು ಹೊರಗೆ ಹಾಕಲು ಚೀಲ ಕಟ್ಟಿದ್ದಾರೆ. ಮಗಳು ಅದನ್ನು ನಮಗೆ ಹೇಳಲಾರದೆ, ಇಲ್ಲೇ ಇರುತ್ತೇನೆ ಎಂದು ಅವರ ಮುಂದೆ ಗಟ್ಟಿಯಾಗಿ ಅಂದಳು. ಹೀಗಲ್ಲದೆ ಬೇರೆ ಅರ್ಥವಿದ್ದರೆ ನೀವು ಹೇಳಿ.

ಮತ್ತೆ ನೀವು ಕೇಳಿದ ನನ್ನ ಕಾಗದಗಳು. ಸಿಕ್ಕಿವೆ. ಟ್ರಂಕಿನ ಮೇಲೆಯೇ ಇದ್ದವು, ಹುಡುಕುವ ಪ್ರಸಂಗವೇ ಇರಲಿಲ್ಲ. ಕಳಿಸಲು ಕೈ ಏಳುತ್ತಿಲ್ಲ. ಮೊದಲು ಮಗಳದು ಕೇಳಿದರು, ಈಗ ನನ್ನದು ಕೇಳುತ್ತಿದ್ದಾರೆ. ನಾಳೆ ಆಸೀಫನದು. ಒಂದು ಮಾತು ನೇರವಾಗಿ ಹೇಳಿ, ನನ್ನನ್ನೂ ಹೊರಗಿನವರಲ್ಲಿ ಎಣಿಸುತ್ತಿದ್ದಾರೆಯೇ?

ಮಕ್ತುಮಸಾಬ


ಯಾದಗಿರಿ
ಜೂನ್ 9, 2025

ಮಕ್ತುಮಸಾಬರಿಗೆ,

ನಿಮ್ಮ ಕಾಗದ ಓದಿ, ಇನ್ನು ಸುಮ್ಮನಿದ್ದರೆ ಅದು ಸುಳ್ಳಾಗುತ್ತದೆ ಅನ್ನಿಸಿತು. ಫೋನು ಮಾಡಿ ಒಬ್ಬಳ ಅನುಮತಿ ಕೇಳಿದೆ. "ಹೇಳಿಬಿಡ್ರಿ, ನನಗೂ ಸಾಕಾಗ್ಯಾದ" ಅಂದಳು.

ಮಸರತ ಮೇ ತಿಂಗಳಲ್ಲಿ ನನ್ನ ಕಚೇರಿಗೆ ಬಂದಿದ್ದಳು, ನಿಮ್ಮ ವಕಾಲತ್ತು ನನ್ನ ಕೈ ಸೇರುವುದಕ್ಕಿಂತ ಮೊದಲೇ. ಅಜರುದ್ದೀನ ಅಂಗಡಿ ಮುಚ್ಚಿ ಕರೆತಂದಿದ್ದ. ನೀವು ಅವಳಿಂದ ಸಹಿ ಮಾಡಿಸಿದ್ದು ಅಂಚೆ ವಿಮೆಯ ಕಾಗದವೆಂದು ಹೇಳಿಯಂತೆ. "ಮ್ಯಾಲೇ ದಪ್ಪ ಅಕ್ಷರದಾಗ ವಕಾಲತ್ತು ಅಂತಿತ್ರಿ ಮೇಡಂ. ನಾ ಬಿ.ಕಾಂ. ಮಾಡೀನಿ ಅನ್ನೋದು ಅಬ್ಬಾಗ ಮರ್ತದ" ಅಂದಳು. ಕಾಗದದ ಕೆಳಗೆ ನನ್ನ ಹೆಸರು, ಊರು ಇತ್ತು. ಹುಡುಕಿಕೊಂಡು ಬಂದಳು. ನಿಮಗೆ ತಿಳಿಸಬಾರದೆಂದು ಮಾತು ತೆಗೆದುಕೊಂಡಳು. ಅವಳ ಮಾತನ್ನೇ ಬರೆಯುತ್ತೇನೆ: "ನನಗ ಗೊತ್ತಿಲ್ಲ ಅಂತ ತಿಳಕೊಂಡಿದ್ದಕ್ಕ ಅಬ್ಬಾ ಎರಡು ತುತ್ತು ಉಣ್ಣಾಕತ್ತಾರ. ಗೊತ್ತದ ಅಂದ್ರ ಅದನ್ನೂ ಬಿಡ್ತಾರ."

ಶಹಾಪುರ ಬಿಟ್ಟು ಹೋಗಬೇಡ ಎಂದು ಅವಳಿಗೆ ಹೇಳಿದವಳು ನಾನು. ವಿಚಾರಣೆ ನಡೆದಿರುವಾಗ ಕೊಟ್ಟ ವಿಳಾಸದಲ್ಲಿ ಇಲ್ಲವೆಂದರೆ ತಪ್ಪಿಸಿಕೊಂಡಳು ಎಂದು ಬರೆಯಲು ಆಸ್ಪದವಾಗುತ್ತದೆ. ಇದನ್ನು ನಿಮಗೆ ಬರೆದಿದ್ದರೆ ಅವಳ ಗುಟ್ಟು ಹೊರಬೀಳುತ್ತಿತ್ತು. ಚೀಲ ಕಟ್ಟಿಡಲು ಹೇಳಿದವಳೂ ನಾನೇ. ಕಟ್ಟಿದವರು ಸಾಬೇರಾ. ಮಸರತ ಹೇಳಿದ ಪ್ರಕಾರ ಅದರಲ್ಲಿ ಅವಳ ಬಟ್ಟೆ ಕೆಳಗಿದೆ, ಮೇಲೆ ಸಾಬೇರಾ ಅವರ ಎರಡು ಸೀರೆ, ಮಂಡಿನೋವಿನ ಎಣ್ಣೆ ಇವೆ. ಎಲ್ಲಿಗೆ ಕರೆದರೂ ಬಸುರಿಯನ್ನು ಒಬ್ಬಳೇ ಕಳಿಸುವುದಿಲ್ಲ, ನಾನೂ ಹೋಗುವವಳೇ ಅಂದಿದ್ದಾರಂತೆ. ನೀವು ಕಂಡ ಉಬ್ಬು ಅದು.

ಈಗ ನಿಮ್ಮ ಕೊನೆಯ ಪ್ರಶ್ನೆ. ನಿಮ್ಮನ್ನು ಎಣಿಸುತ್ತಿರುವವಳು ನಾನೇ, ಆದರೆ ಇಲ್ಲಿಯವರೆಂದು. ಹೊರದೇಶದಲ್ಲಿ ಹುಟ್ಟಿದ ಮಗುವನ್ನು ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕೆಂಬ ನಿಯಮ ಎಲ್ಲರಿಗೂ ಅನ್ವಯವಾದದ್ದು 2004ರ ಡಿಸೆಂಬರ್‌ನಿಂದ ಈಚೆಗೆ. ಮಸರತ ಹುಟ್ಟಿದ್ದು ಅದಕ್ಕೂ ಮೊದಲು. ಆಗಿನ ಕಾನೂನಿನಲ್ಲಿ, ಮಗು ಹುಟ್ಟಿದ ದಿನ ತಂದೆ ಈ ನೆಲದಲ್ಲೇ ಹುಟ್ಟಿದ ಪ್ರಜೆಯಾಗಿದ್ದರೆ ಸಾಕು. ಮಗು ಎಲ್ಲಿ ಹುಟ್ಟಿದರೂ ವಂಶದಿಂದ ಈ ದೇಶದ್ದು. ತಾಯಿಯ ಪಾಸ್‌ಪೋರ್ಟಿನಲ್ಲಿ ಬಂದಳಲ್ಲ ಎಂದು ಕೇಳುತ್ತಾರೆ. ಮಡಿಲಲ್ಲಿದ್ದ ಕೂಸು ಪಾಸ್‌ಪೋರ್ಟ್ ಆರಿಸಿಕೊಳ್ಳುವುದಿಲ್ಲ ಎಂಬುದು ನನ್ನ ಉತ್ತರ. ಅವಳಿಗೆ ವೀಸಾ ಬೇಕಾಗಿರಲಿಲ್ಲ, ಯಾವತ್ತೂ. ಇಷ್ಟು ವರ್ಷ ಇದನ್ನು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. 2012ರಲ್ಲಿ ನೀವು ಹಟಕ್ಕೆ ಆಡಿದ ಮಾತು ಕಾನೂನಿನಲ್ಲಿ ಬೇರೆ ಶಬ್ದಗಳಲ್ಲಿ ಇತ್ತು.

ಮೊದಲೇ ಯಾಕೆ ಹೇಳಲಿಲ್ಲ ಅನ್ನುತ್ತೀರಿ. ಸಾಬೀತು ಮಾಡಬೇಕಾದದ್ದು ಒಂದೇ ಇದೆ, ಆ ದಿನ ನೀವು ಯಾರಾಗಿದ್ದಿರಿ ಎಂಬುದು. ಅದರ ಕಾಗದ ಕೈಗೆ ಬರುವ ಮೊದಲು ಆಸೆ ಹುಟ್ಟಿಸಲು ನನಗೆ ಬರುವುದಿಲ್ಲ. ದಾಖಲೆ ಕೇಳಲು ಬರುತ್ತದೆ, ಕೇಳಿದೆ. ನೀವು ಅದನ್ನು ಬೆದರಿಕೆಯೆಂದು ಓದುತ್ತೀರೆಂದು ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ತನ್ನಿ.

ನಾಗರತ್ನಾ


ಯಾದಗಿರಿ, ನಿಮ್ಮ ಕಚೇರಿಯ ಬೆಂಚು
ಜೂನ್ 13, 2025

ನಾಗರತ್ನಾ ಅಕ್ಕಾರಿಗೆ,

ನೀವು ಕೋರ್ಟಿನಲ್ಲಿದ್ದೀರಿ ಅಂದರು. ಕಾಗದಗಳನ್ನು ನಿಮ್ಮ ಗುಮಾಸ್ತರ ಕೈಗೆ ಕೊಟ್ಟಿದ್ದೇನೆ. ಇಷ್ಟು ವರ್ಷ ಅಂಚೆಯಲ್ಲಿದ್ದವನು ಇವನ್ನು ಅಂಚೆಗೆ ಹಾಕಲಿಲ್ಲ. ದಾರಿಯುದ್ದಕ್ಕೂ ಅಂಗಿಯ ಒಳಗೆ ಇಟ್ಟುಕೊಂಡು ಬಂದೆ, ಬೆವರು ತಾಗಿ ನಿಕಾಹನಾಮೆಯ ಮೂಲೆ ಸ್ವಲ್ಪ ಮೆತ್ತಗಾಗಿದೆ. ಅಕ್ಷರ ಹೋಗಿಲ್ಲ.

ಹೇಳಿದೆ. ಈ ಸಲ ನಿಜವಾಗಿ. ಸಂಜೆ ಚಹಾ ಹೊತ್ತಿಗೆ ಖುರ್ಷೀದಳನ್ನೂ ಆಸೀಫನನ್ನೂ ಕೂರಿಸಿ ನೋಟಿಸು ಚಾಪೆಯ ಮೇಲಿಟ್ಟೆ. ಖುರ್ಷೀದ ಅದನ್ನು ಮುಟ್ಟಲೂ ಇಲ್ಲ. "ನಿಮ್ಮ ಕೋಟಿನ ಕಿಸೆದಾಗ ಇದ್ದದ್ದು ಇದೇ ಅಲ್ಲ? ಒಗೆಯುವಾಗ ತೆಗೆದಿಟ್ಟು, ಒಣಗಿದ ಮ್ಯಾಲ ತಿರುಗಿ ಇಟ್ಟೀನಿ" ಅಂದಳು. ಕನ್ನಡ ಓದಲು ಬಾರದ ಅವಳು ಅದನ್ನು ಪಾರ್ವತಿಬಾಯಿಯ ಬಳಿ ಓದಿಸಿದ್ದಳು. ಹಾಗಾದರೆ ಸುಣ್ಣ ಯಾಕೆ ಬಳಿಸಿದೆ ಅಂದೆ. "ಸುಣ್ಣ ಬಳಿಯದೆ ಕೂಡಬೇಕಿತ್ತೇನು? ನೀವು ಹೇಳ್ತೀರಿ ಅಂತ ಕಾದೆ. ಕಾಯುವಾಗ ಕೈಗೆ ಕೆಲಸ ಬೇಕಲ್ಲ."

ಪಾರ್ವತಿಬಾಯಿ ಗೋಡೆಯ ಆಚೆಯಿಂದಲೇ ಕೂಗಿದರು: "ಅಣ್ಣಾರ, ಊರ ಕಾಗದೆಲ್ಲಾ ಹಂಚ್ತೀರಿ, ಮನಿ ಕಾಗದ ಒಂದು ಹಂಚಾಕ ಆಗ್ಲಿಲ್ಲೇನ್ರಿ?" ಆಸೀಫ್ ನಕ್ಕುಬಿಟ್ಟ. ಅವನ ನಗು ನೋಡಿ ಅವಳೂ ನಕ್ಕಳು. ನನಗೆ ನಗು ಬರಲಿಲ್ಲ, ಆದರೆ ಆವತ್ತು ಎರಡು ರೊಟ್ಟಿ ಹೆಚ್ಚು ಉಂಡೆ.

ಆಮೇಲೆ ಕೂತು ನೀವು ಬರೆದಂತೆ ಯಾರು ಎಲ್ಲಿಗೆ, ಯಾರ ಜೊತೆ ಎಂದು ಗೊತ್ತುಮಾಡಿಕೊಂಡೆವು. ಮಸರತ ಬರುವಂತಿಲ್ಲ ಎಂದಾಗ ಖುರ್ಷೀದ ಚಹಾದ ಬಟ್ಟಲುಗಳನ್ನು ಎತ್ತಿಟ್ಟಳು. ಕೊನೆಗೆ ಅಂದಳು: "ಆಕಿ ಬರಬಾರದು ಅಂದಾರ. ನಾ ಹೋಗಬಾರದು ಅಂದಿಲ್ಲಲ್ಲ." ಅಜರುದ್ದೀನನ ಅಂಗಡಿಯ ಎದುರು ಒಂದು ಖೋಲಿ ಬಾಡಿಗೆಗಿದೆಯಂತೆ. ರೊಟ್ಟಿಯ ಹಂಚು, ಒಲೆ, ಬಾಣಂತಿ ಮಲಗುವ ಹೊರಸು, ಎಲ್ಲವನ್ನೂ ಕಟ್ಟಿ ಸರಕಾರಿ ಬಸ್ಸಿನ ಮೇಲೆ ಹೇರಿದೆವು. ಶಹಾಪುರದಲ್ಲಿ ಇಳಿಸುವಾಗ ಸಾಬೇರಾ ಬಾಗಿಲಿಗೆ ಬಂದು ನಿಂತು ಓಣಿಗೆಲ್ಲ ಕೇಳುವ ಹಾಗೆ ಅಂದರು: "ನೋಡ್ರಿ, ನಮ್ಮ ಸೊಸೀ ತವರುಮನಿ ಬಸ್ಸಿನ್ಯಾಗ ಬಂತು." ಆಮೇಲೆ ಹೊರಸಿನ ಒಂದು ತುದಿ ಹಿಡಿದರು.

ಮಸರತ ನನ್ನ ಮುಖ ನೋಡಿ, ವಿಮಾ ಪಾಲಿಸಿ ಯಾವಾಗ ಕೈಗೆ ಬರ್ತದ ಅಬ್ಬಾ, ಎಂದು ಕೇಳಿದಳು. ಬರ್ತದ ಅಂದೆ.

ಗುಮಾಸ್ತರು ಬಾಗಿಲು ಹಾಕುವ ಹೊತ್ತಾಯಿತು ಎನ್ನುತ್ತಿದ್ದಾರೆ.

ಮಕ್ತುಮಸಾಬ


ಯಾದಗಿರಿ
ಆಗಸ್ಟ್ 6, 2025

ಮಕ್ತುಮಸಾಬಣ್ಣನವರಿಗೆ,

ಫೋನಿನಲ್ಲಿ ಮಸರತಳಿಗೆ ಹೇಳಿದ್ದೇನೆ. ಪ್ರಕರಣ ಅವಳದಾದ್ದರಿಂದ ಮೊದಲು ಅವಳಿಗೆ. ನಿಮಗೆ ಬರೆದು ತಿಳಿಸುತ್ತಿದ್ದೇನೆ, ಅದು ನಮ್ಮಿಬ್ಬರ ರೂಢಿ.

ಉತ್ತರ ಕೊಟ್ಟ ಮೇಲೂ ನನಗೆ ಧೈರ್ಯ ಸಾಲದೆ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗಿದ್ದೆ. ತೀರ್ಮಾನವಾಗುವವರೆಗೆ ಅವಳನ್ನು ಕಳಿಸಬಾರದು, ವಂಶದ ಪೌರತ್ವದ ಪ್ರಶ್ನೆಯನ್ನು ನೋಡಿ ತೀರ್ಮಾನಿಸಿ ಎಂದು ಆದೇಶವಾಗಿತ್ತು. ಅದು ನಿಮಗೆ ಗೊತ್ತು. ಮೊನ್ನೆ ಆ ತೀರ್ಮಾನ ಬಂತು. ಒಂದೂವರೆ ಪುಟ. ಮಸರತ ಹುಟ್ಟಿನಿಂದಲೇ ಭಾರತದ ಪ್ರಜೆ, ವಿದೇಶಿಯರ ನೋಂದಣಿಯಲ್ಲಿ ಅವಳ ಹೆಸರು ಇರಬೇಕಾಗಿಲ್ಲ, ನೋಟಿಸು ಕೈಬಿಡಲಾಗಿದೆ. ಕರಾಚಿ ಎಂಬ ಶಬ್ದ ಎರಡು ಸಲ, ಸುರಪುರ ನಾಲ್ಕು ಸಲ.

ಓದಿ ಮುಗಿಸಿ ಫ್ಯಾನು ಆರಿಸಿದೆ. ಯಾಕೆಂದು ಗೊತ್ತಿಲ್ಲ. ಸದ್ದು ಬೇಡವೆನ್ನಿಸಿರಬೇಕು. ಕೆಳಗೆ ಟಂಟಂಗಳು ಹಾರ್ನ್ ಒತ್ತುತ್ತಲೇ ಇದ್ದವು, ಅವುಗಳಿಗೆ ನಾನೇನೂ ಮಾಡುವಂತಿರಲಿಲ್ಲ.

ಮೂಲಪ್ರತಿ ಮಸರತಳ ಹತ್ತಿರ ಇರಲಿ, ನಕಲು ನಿಮ್ಮಲ್ಲಿ, ಇನ್ನೊಂದು ನನ್ನಲ್ಲಿ. ಪಾಸ್‌ಪೋರ್ಟಿಗೆ ಅರ್ಜಿ ಹಾಕಲಿ, ಎಲ್ಲಿಗೂ ಹೋಗದಿದ್ದರೂ. ಸಾಬೇರಾ ಅವರು ಚೀಲ ಬಿಚ್ಚಬಹುದು.

ಅಪ್ಪನಿಗೆ ಹೇಳಿದೆ. ಅವನಿಗೆ ಆ ಹುಡುಗಿ ನೆನಪಿರಲಿಲ್ಲ. "ಚಲೋ ಆತು ಬಿಡು" ಅಂದ.

ಇನ್ನು ಮೇಲೆ ಅವಳು ಎಲ್ಲಿಗೆ ಬೇಕಾದರೂ ಹೋಗಬಹುದು. ಹೆರಿಗೆಗೆ ಸುರಪುರಕ್ಕೂ.

ನಾಗರತ್ನಾ


ಶಹಾಪುರ
ಸೆಪ್ಟೆಂಬರ್ 9, 2025

ನಾಗರತ್ನಾ ಅಕ್ಕಾರಿಗೆ,

ಹೆಣ್ಣು ಕೂಸು. ಶಹಾಪುರದ ದವಾಖಾನೆಯಲ್ಲಿ, ಶುಕ್ರವಾರ. ತಾಯಿ ಕೂಸು ಸುಖವಾಗಿದ್ದಾರೆ.

ಸುರಪುರಕ್ಕೆ ಬರಬಹುದೆಂದು ಗೊತ್ತಾದ ಮೇಲೂ ಮಸರತ ಬರಲಿಲ್ಲ. ತವರು ಇಲ್ಲೇ ಎದುರಿಗಿದೆಯಲ್ಲ, ಮತ್ತೆ ಯಾಕೆ ಎಲ್ಲ ಕಟ್ಟುವುದು ಅಂದಳು. ಖುರ್ಷೀದಳಿಗೂ ಈ ಓಣಿ ಹಿಡಿಸಿದೆ. ಬೆಳಿಗ್ಗೆ ಅವಳು ಮತ್ತು ಸಾಬೇರಾ ಕೂಸಿಗೆ ಎಣ್ಣೆ ಎಷ್ಟು ಬಿಸಿ ಇರಬೇಕೆಂದು ಜಗಳಾಡುತ್ತಾರೆ. ಮಧ್ಯಾಹ್ನ ಒಂದೇ ಪರಾತದಲ್ಲಿ ಉಣ್ಣುತ್ತಾರೆ. ಪಾರ್ವತಿಬಾಯಿ ಸುರಪುರದಿಂದ ಅಂಟಿನುಂಡಿ ಕಟ್ಟಿಕೊಂಡು ಬಂದಿದ್ದರು. ಬಾಣಂತಿಗೆ ಎರಡು ಕೊಟ್ಟು ಉಳಿದದ್ದನ್ನು ಈ ಇಬ್ಬರಿಗೂ ಸಮ ಪಾಲು ಮಾಡಿ ಹೋದರು. ಆಸೀಫ್ ಜನನ ಪ್ರಮಾಣಪತ್ರಕ್ಕೆ ಓಡಾಡುತ್ತಿದ್ದಾನೆ. ಇಷ್ಟು ಗಡಿಬಿಡಿ ಯಾಕೋ ಎಂದರೆ, ಈ ಮನಿಯೊಳಗ ಅದೊಂದು ತಡ ಆಗೂದು ಬ್ಯಾಡ ಅಬ್ಬಾ, ಅನ್ನುತ್ತಾನೆ.

ನಾನು ರಜೆ ಹಾಕಿದ್ದೇನೆ. ನಿದ್ದೆ ಬರುತ್ತದೆ. ಹಗಲಲ್ಲೂ ಬರುತ್ತದೆ. ಇಷ್ಟು ನಿದ್ದೆ ಎಲ್ಲಿತ್ತೋ.

ಒಂದು ಮಾತು ಬರೆಯಬೇಕೆಂದೇ ಈ ಕಾಗದ. ಕೂಸು ಹುಟ್ಟಿದಾಗ ಅಜರುದ್ದೀನ ಔಷಧ ತರಲು ಹೊರಗೆ ಹೋಗಿದ್ದ. ಸಾಬೇರಾ ನಮಾಜಿಗೆ ಕೂತಿದ್ದರು, ಖುರ್ಷೀದ ಒಳಗಿದ್ದಳು. ಬಾಗಿಲು ತೆರೆದು ಬಂದ ನರ್ಸಿಗೆ ಎದುರು ಸಿಕ್ಕವನು ನಾನೊಬ್ಬನೇ. "ಹಿಡೀರಿ ಅಜ್ಜಾ, ಕುತ್ತಿಗಿಗೆ ಕೈ ಕೊಡ್ರಿ" ಎಂದು ನನ್ನ ಕೈಗೆ ಇಟ್ಟುಬಿಟ್ಟಳು. ನನಗೆ ಹಿಡಿಯಲು ಬರಲಿಲ್ಲ. ಆಸೀಫ್ ಹುಟ್ಟಿದಾಗ ನನ್ನ ತಾಯಿ ಯಾರ ಕೈಗೂ ಕೊಡದೆ ತಾನೇ ಎತ್ತಿಕೊಂಡಿದ್ದಳು. ಮಸರತ ನನ್ನ ಕೈಗೆ ಬಂದಾಗ ಅವಳಿಗೆ ಆಗಲೇ ಆರು ತಿಂಗಳು. ರೈಲಿನಿಂದ ಇಳಿಸಿಕೊಂಡ ಕೂಡಲೇ ನನ್ನ ಗಡ್ಡ ನೋಡಿ ಅತ್ತಳು. ಈ ಕೂಸು ಅಳಲಿಲ್ಲ. ಒಂದು ಕಣ್ಣು ಮಾತ್ರ ತೆರೆದು ನೋಡಿತು, ಮತ್ತೆ ಮುಚ್ಚಿತು.

ನಿಮ್ಮ ಅಫಿಡವಿಟ್ಟುಗಳಲ್ಲಿ ಈ ವರ್ಷ ಹುಟ್ಟಿದ ಸ್ಥಳ, ಹುಟ್ಟಿದ ಸ್ಥಳ ಎಂದು ಎಷ್ಟು ಸಲ ಓದಿ ಸಹಿ ಹಾಕಿದೆ. ಮಸರತ ಹುಟ್ಟಿದ ಆ ಖೋಲಿಯನ್ನು ನಾನು ನೋಡಿಲ್ಲ. ಕೇಳಿಯೂ ಇಲ್ಲ. ಅದನ್ನು ಯಾವಾಗಲೂ ಒಂದು ತೊಡಕು ಎಂದಷ್ಟೇ ಎಣಿಸಿದೆ, ಅಲ್ಲಿ ಒಂದು ಕೂಸು ಹುಟ್ಟಿತ್ತು ಎಂದು ಎಣಿಸಲಿಲ್ಲ. ಖುರ್ಷೀದಳನ್ನು ಕೇಳಿದರೆ ಆಗ ತನಗೆ ಎಚ್ಚರವಿರಲಿಲ್ಲ ಅನ್ನುತ್ತಾಳೆ. ಗೊತ್ತಿರುವವರು ಖಾಲಾ ಒಬ್ಬರೇ. ಅವರಿಗೀಗ ಎಂಬತ್ತು ದಾಟಿದೆ. ಫೋನು ಹಚ್ಚಿದರೆ ಕಿವಿ ಕೇಳಿಸದೆ ಎಲ್ಲದಕ್ಕೂ ಹಾಂ, ಹಾಂ ಅನ್ನುತ್ತಾರೆ. ಮರಿಮೊಮ್ಮಗಳು ಹುಟ್ಟಿದಳು ಎಂದಾಗಲೂ ಹಾಂ ಅಂದರು. ಕಾಗದ ಬರೆದರೆ ಯಾರಾದರೂ ಓದಿ ಹೇಳುತ್ತಿದ್ದರು. ಆದರೆ ಆ ದೇಶದ ಟಪಾಲು ಮೇ ತಿಂಗಳಿಂದ ನಿಂತಿದೆ. ನಾನೇ ಮುದ್ರೆ ಒತ್ತುವವನಾದರೂ ಅದನ್ನು ದಾಟಿಸಲಾರೆ. ಅದಕ್ಕೇ ಅವರಿಗೆ ಕೇಳಬೇಕಾದ್ದನ್ನು ಇಲ್ಲಿ, ನಿಮಗೆ ಬರೆದ ಕಾಗದದ ಕೊನೆಗೆ ಬರೆದಿಡುತ್ತಿದ್ದೇನೆ. ಉತ್ತರ ನಿಮ್ಮಿಂದ ಬೇಡ.

ಖಾಲಾ, ಆ ದಿನ ನನ್ನ ಮಗಳನ್ನು ಮೊದಲು ಎತ್ತಿಕೊಂಡವರು ಯಾರು?